ಅಕ್ಲೂಜ್ ವೈನರಿಗೆ ಹೋಗಬೇಕು, ಕಲಬುರಗಿಯಿಂದ ಡ್ರೈವರ್ ಹೇಗೆ ಹಿಡಿಯೋದು?

ತೊಗರಿ_ಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ದ್ರಾಕ್ಷಿ ಕೊಯ್ಲು ನಡೆಯುವಾಗಲೇ ಮಹಾರಾಷ್ಟ್ರದ ಅಕ್ಲೂಜ್ ಹತ್ತಿರದ ಫ್ರಾಟೆಲ್ಲಿ ವೈನರಿ ನೋಡಿ ಬರೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ತಮ್ಮ, ಇಬ್ಬರ ಹೆಂಡತಿಯರು. ಜೊತೆಗೆ ಅವ್ವ. ಅವ್ವನಿಗೆ ವೈನ್ ಗೀನ್ ಬೇಡ, ದಾರಿಯಲ್ಲಿ ಪಂಢರಪುರ ಆದರೆ ಸಾಕು.

ಗಾಡಿ ಇದೆ, ಎರ್ಟಿಗಾ. ಓಡಿಸೋರು ಮೂವರಿದ್ದೇವೆ. ಆದರೆ ಮೂವರಿಗೂ ರುಚಿ ನೋಡಬೇಕು. ಯಾರು ಬಿಡಬೇಕು ಅನ್ನೋ ಜಗಳ ಮುಗಿಯಲಿಲ್ಲ, ಹಾಗಾಗಿ ಡ್ರೈವರ್ ಇಟ್ಟುಕೊಂಡೇ ಹೋಗೋಣ ಅಂತ ತೀರ್ಮಾನ. ನಮ್ಮ ಗಾಡಿಗೆ ಆಕ್ಟಿಂಗ್ ಡ್ರೈವರ್ ಹಿಡಿಯೋದು ಒಳ್ಳೆಯದಾ ಅಥವಾ ಟ್ರಾವೆಲ್ಸ್ ಗಾಡಿನೇ ಮಾಡಿಕೊಂಡು ಹೋಗೋದಾ? ಒಂದೇ ದಿನದಲ್ಲಿ ಹೋಗಿ ಬರಬಹುದಾ? ಗೊತ್ತಿದ್ದವರು ಹೇಳಿ.

ಬಿದರಿ_ಹೂಜಿ (ಬೀದರ್)

ಇದಕ್ಕೆಲ್ಲ ಡ್ರೈವರ್ ಯಾಕೆ ಅಣ್ಣ? ಟೇಸ್ಟಿಂಗ್ ಅಂದರೆ ಗ್ಲಾಸಿನ ತಳ ಒದ್ದೆ ಆಗುವಷ್ಟು ಹಾಕ್ತಾರೆ. ಐದು ಗುಟುಕು. ಊಟ ಮಾಡಿ ಒಂದು ಗಂಟೆ ಕೂತರೆ ಎಲ್ಲ ಇಳಿಯುತ್ತೆ.

ಲ್ಯಾಬ್_ಕೋಟು (ಕಲಬುರಗಿ)

ಇಳಿಯಲ್ಲ ತಮ್ಮಾ. ಲೆಕ್ಕ ಹಾಕಿ ನೋಡೋಣ.

ಒಂದು ಸಲಕ್ಕೆ 30 ಎಂ.ಎಲ್. ಅಂತ ಇಟ್ಟುಕೋ. ಐದು ಬಗೆ ನೋಡಿದರೆ 150 ಎಂ.ಎಲ್., ಅಂದರೆ ಒಂದು ಪೂರಾ ಗ್ಲಾಸು. 13 ಪರ್ಸೆಂಟ್ ವೈನ್ ಆದರೆ ಅದರಲ್ಲಿ ಸುಮಾರು 15 ಗ್ರಾಂ ಆಲ್ಕೋಹಾಲ್ ಇರುತ್ತೆ. 70 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಇಷ್ಟು ಕುಡಿದರೆ 100 ಎಂ.ಎಲ್. ರಕ್ತದಲ್ಲಿ ಆಲ್ಕೋಹಾಲ್ ಹತ್ತಿರ ಹತ್ತಿರ 30 ಮಿಲಿಗ್ರಾಂ ತಲುಪುತ್ತೆ. ನಮ್ಮ ದೇಶದ ಕಾನೂನಿನ ಗೆರೆ ಸರಿಯಾಗಿ ಅಲ್ಲೇ ಇದೆ, 30. 55 ಕೆ.ಜಿ. ಹೆಣ್ಣುಮಗಳಿಗೆ ಅದೇ ಗ್ಲಾಸು 50ರ ತನಕ ಹೋಗಬಹುದು. ಹೊಟ್ಟೆ ತುಂಬ ರೊಟ್ಟಿ ಉಂಡಿದ್ದರೆ ಸ್ವಲ್ಪ ಕಡಿಮೆ, ನಿಧಾನವಾಗಿ ಏರುತ್ತೆ, ಅಷ್ಟೇ.

ಇಳಿಯೋದು ಗಂಟೆಗೆ ಸುಮಾರು 15 ಮಿಲಿಗ್ರಾಂ. ಚಹಾ ಕುಡಿದರೂ ಅಷ್ಟೇ, ಮುಖ ತೊಳೆದರೂ ಅಷ್ಟೇ, ನಿಂಬೆಹಣ್ಣು ಹಿಂಡಿಕೊಂಡರೂ ಅಷ್ಟೇ. ಇನ್ನು ಟೇಸ್ಟಿಂಗ್ ಮುಗಿಸಿ ಊಟಕ್ಕೆ ಕೂತಾಗ ಯಾರಾದರೂ ನೀರು ಕುಡೀತಾರಾ? ‘ಆ ಮೂರನೇದು ಚೆನ್ನಾಗಿತ್ತು, ಒಂದು ಬಾಟ್ಲಿ ತೆಗೀರಿ’ ಅಂತಾರೆ. ಅಲ್ಲಿಗೆ ಮುಗೀತು.

ಬಿದರಿ_ಹೂಜಿ (ಬೀದರ್)

ಬಾಯಲ್ಲಿ ಆಡಿಸಿ ಉಗುಳಿಬಿಟ್ಟರೆ? ಅದಕ್ಕೆ ಅಂತಲೇ ಒಂದು ಡಬ್ಬಿ ಇಟ್ಟಿರ್ತಾರಂತೆ.

ಲ್ಯಾಬ್_ಕೋಟು (ಕಲಬುರಗಿ)

ಇಟ್ಟಿರ್ತಾರೆ. ವೈನ್ ಮಾಡೋರು ದಿನಾ ಉಗುಳ್ತಾರೆ, ಅವರ ಕೆಲಸವೇ ಅದು. ದುಡ್ಡು ಕೊಟ್ಟು 200 ಕಿ.ಮೀ. ದಾಟಿ ಹೋದ ಕಲಬುರಗಿಯವನು ಉಗುಳಿದ್ದನ್ನು ನಾನಂತೂ ನೋಡಿಲ್ಲ.

ಭೀಮಾ_ದಂಡೆ (ಯಾದಗಿರಿ)

ರೈಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಕಲಬುರಗಿಯಿಂದ ಸೊಲ್ಲಾಪುರ ಸುಮಾರು 110 ಕಿ.ಮೀ., ಮುಂಬೈ ಲೈನು, ಗಾಡಿಗಳಿಗೆ ಬರವಿಲ್ಲ. ಸೊಲ್ಲಾಪುರದಲ್ಲಿ ಇಳಿದು ಅಲ್ಲಿಂದ ಟ್ಯಾಕ್ಸಿ ಮಾಡಿಕೊಂಡರೆ ಅಲ್ಲಿನ ರಸ್ತೆ ಗೊತ್ತಿರೋ, ಮರಾಠಿ ಬರೋ ಡ್ರೈವರ್ ಸಿಗ್ತಾನೆ. ವೈನರಿ ಇರೋದು ಮೊತೆವಾಡಿ ಅಂತ ಹಳ್ಳಿಯಲ್ಲಿ, ಮಾಳಶಿರಸ್ ತಾಲ್ಲೂಕು. ಮೇನ್ ರೋಡ್ ಬಿಟ್ಟ ಮೇಲೆ ಕೇಳಿಕೊಂಡು ಹೋಗೋದೇ.

ನಾಸಿಕ್ ಕಡೆಯ ವೈನರಿ ಆದರೆ ಗಾಡಿ ತಗೊಂಡು ಹೋಗಲೇಬೇಡಿ. ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿ, ಕಲಬುರಗಿ ಎರಡರಲ್ಲೂ ನಿಲ್ಲುತ್ತೆ. ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಮೇಲೆ ಹಾಯ್ದು ಮನ್ಮಾಡ್‌ನಲ್ಲಿ ಇಳಿಸುತ್ತೆ. ಅಲ್ಲಿಂದ ನಾಸಿಕ್ ದೂರವಿಲ್ಲ. ಅಲ್ಲಿನ ಸುಲಾ ವೈನರಿಯವರು 2005ರಲ್ಲೇ ಟೇಸ್ಟಿಂಗ್ ರೂಮ್ ತೆರೆದಿದ್ದಾರೆ, ಹಾಗಾಗಿ ಅಲ್ಲಿನ ಟ್ಯಾಕ್ಸಿಯವರಿಗೆ ಈ ವ್ಯವಹಾರ ರೂಢಿ. ವೈನರಿ ಹೆಸರು ಹೇಳಿದರೆ ಸಾಕು, ಎಷ್ಟು ಹೊತ್ತು ಕಾಯಬೇಕು ಅನ್ನೋದು ಅವರಿಗೇ ಗೊತ್ತಿರುತ್ತೆ.

ತೊಗರಿ_ಕಣಜ (ಕಲಬುರಗಿ)

ಅಣ್ಣ, ರೈಲು ಒಳ್ಳೆಯದೇ. ಆದರೆ ಅವ್ವನ ಮೊಣಕಾಲು ನೋವು. ಮೆಟ್ಟಿಲು ಹತ್ತಿ ಇಳಿಯೋದು ಆಗಲ್ಲ. ಮನೆ ಬಾಗಿಲಲ್ಲಿ ಹತ್ತಿ ದೇವಸ್ಥಾನದ ಹತ್ತಿರ ಇಳಿಯಬೇಕು. ಗಾಡಿನೇ ಗತಿ.

ಪಾಲಿಸಿ_ಮಾವ (ಕಲಬುರಗಿ)

ಗಾಡಿ ಅಂದ ಮೇಲೆ ನಾನು ಮಾತಾಡಲೇಬೇಕು.

ಮೊದಲು ಬಿಳಿ ಬೋರ್ಡ್ ವಿಷಯ. ‘ನಮ್ಮ ಅಳಿಯನ ಇನೋವಾ ಇದೆ, ಟ್ರಾವೆಲ್ಸ್‌ಗಿಂತ ಕಡಿಮೆಗೆ ಕೊಡ್ತೀನಿ’ ಅನ್ನೋರು ಓಣಿಗೆ ಒಬ್ಬರಿದ್ದಾರೆ. ಬಾಡಿಗೆಗೆ ಬಿಳಿ ಬೋರ್ಡ್ ಓಡಿಸೋದಕ್ಕೆ ಪರ್ಮಿಟ್ ಇರಲ್ಲ. ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಕೇಳೋ ಮೊದಲ ಪ್ರಶ್ನೆ ಅದೇ. ಬಾಡಿಗೆ ಗಾಡಿ ಬೇಕಾದರೆ ಹಳದಿ ಬೋರ್ಡೇ ಮಾಡಿ. ರಾಜ್ಯ ದಾಟೋದಕ್ಕೆ ಟೂರಿಸ್ಟ್ ಪರ್ಮಿಟ್ ಇದೆಯಾ ಅಂತ ಕೇಳಿ. ಅಲ್ಲಿ ಲೆಕ್ಕ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಅಂತ ಇರುತ್ತೆ. ನೀವು ಎರಡನೇ ದಿನ ಬರೀ 50 ಕಿ.ಮೀ. ಓಡಾಡಿದರೂ ಪೂರ್ತಿ ದುಡ್ಡು ಹೋಗುತ್ತೆ. ರಾತ್ರಿ ಉಳಿದು ಬರೋ ಟ್ರಿಪ್ಪಿಗೆ ಸ್ವಂತ ಗಾಡಿ ಜೊತೆ ಆಕ್ಟಿಂಗ್ ಡ್ರೈವರ್ ಅಗ್ಗ ಬೀಳೋದು ಇದೇ ಕಾರಣಕ್ಕೆ.

ಸ್ವಂತ ಗಾಡಿ ಆದರೆ ಪಾಲಿಸಿ ತೆಗೆದು ನೋಡಿ. ಸಂಬಳದ ಡ್ರೈವರ್‌ಗೆ ಕವರ್ ಅಂತ ಒಂದು ಸಾಲು ಇರುತ್ತೆ. ಇಲ್ಲದಿದ್ದರೆ ಹಾಕಿಸಿ, ತೀರಾ ಸಣ್ಣ ಮೊತ್ತ. ನಿಮ್ಮ ಗಾಡಿ ಓಡಿಸುತ್ತಾ ಅವನಿಗೆ ಪೆಟ್ಟಾದರೆ ಅದು ಬೇಕಾಗುತ್ತೆ. ಅವನ ಲೈಸೆನ್ಸನ್ನು ಡಿಜಿಲಾಕರ್‌ನಲ್ಲಿ ತೋರಿಸು ಅನ್ನಿ. ಜೆರಾಕ್ಸ್ ನಂಬಬೇಡಿ. ಅವಧಿ ಮುಗಿದು ವರ್ಷವಾದ ಲೈಸೆನ್ಸಿನ ಜೆರಾಕ್ಸೂ ಚೆನ್ನಾಗೇ ಕಾಣುತ್ತೆ.

ಇನ್ನು ಬೀದರ್ ತಮ್ಮನಿಗೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ತನಕ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಎರಡನೇ ಸಲ ಎರಡು ವರ್ಷದ ತನಕ, 15,000. 2019ರ ತಿದ್ದುಪಡಿ ಆದ ಮೇಲೆ ಇದು. ಕುಡಿದವನ ಕೈಗೆ ಗೊತ್ತಿದ್ದೂ ಕೀಲಿ ಕೊಟ್ಟು ಓಡಿಸು ಅಂದವನನ್ನೂ 188ನೇ ಕಲಂ ಹಿಡಿಯುತ್ತೆ. ಕುಡಿದು ಗುದ್ದಿದರೆ ನಿಮ್ಮ ಗಾಡಿ ರಿಪೇರಿಗೆ ಕ್ಲೈಮ್ ಸಿಗಲ್ಲ. ಐದು ಗುಟುಕಿನ ಬೆಲೆ ಕೂಡಿಸಿಕೋ.

ಬಿದರಿ_ಹೂಜಿ (ಬೀದರ್)

ಆಯ್ತು ಮಾವಾ, ಶರಣು. ಆದರೆ ಡ್ರೈವರ್ ಎಲ್ಲಿ ಸಿಗ್ತಾನೆ ಅಂತ ಯಾರೂ ಹೇಳಲಿಲ್ಲ. ಹೈದರಾಬಾದ್‌ನಲ್ಲಿ ನನ್ನ ಗೆಳೆಯ ಮೊಬೈಲಿನಲ್ಲಿ ಬಟನ್ ಒತ್ತಿದರೆ ಡ್ರೈವರ್ ಬಾಗಿಲಿಗೆ ಬರ್ತಾನೆ, ಗಂಟೆ ಲೆಕ್ಕ. ನಮ್ಮ ಕಡೆ?

ಹಳೆ_ಬಜಾರ್ (ಕಲಬುರಗಿ)

ನಮ್ಮ ಕಡೆ ಬಾಯಿಮಾತು. ಗಾಡಿ ಸರ್ವೀಸ್ ಬಿಡೋ ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿ. ಯಾವ ಡ್ರೈವರ್ ಕ್ಲಚ್ ಸುಡ್ತಾನೆ, ಯಾರು ಸುಡಲ್ಲ ಅನ್ನೋದು ಅವನಿಗೆ ಗೊತ್ತಿರೋಷ್ಟು ಬೇರೆ ಯಾರಿಗೂ ಗೊತ್ತಿರಲ್ಲ. ಇಲ್ಲವೇ ಸ್ಟೇಷನ್ ಮುಂದಿನ ಟ್ಯಾಕ್ಸಿ ಸ್ಟ್ಯಾಂಡು. ಡಾಕ್ಟರುಗಳ ಮನೆ ಡ್ರೈವರ್‌ಗಳು ಭಾನುವಾರ ಖಾಲಿ ಇರ್ತಾರೆ, ಅವರೂ ಆಗಬಹುದು. ಆದರೆ ಊರೊಳಗೆ ಓಡಿಸೋದು ಬೇರೆ, ಹೈವೇ ಬೇರೆ.

ಸ್ಟೇರಿಂಗ್_ಕಾಕಾ (ಕಲಬುರಗಿ, ಆಳಂದ ಚೆಕ್‌ಪೋಸ್ಟ್)

ನಾನು ಮಾಡೋದು ಇದೇ ಕೆಲಸ. ಮದುವೆ, ದೇವರು, ಆಸ್ಪತ್ರೆ, ಪಾರ್ಟಿ, ಎಲ್ಲದಕ್ಕೂ ಬೇರೆಯವರ ಗಾಡಿ ಓಡಿಸ್ತೀನಿ. ಇಲ್ಲಿ ಎಲ್ಲರೂ ಕುಡಿಯೋರ ಬಗ್ಗೆ ಬರೆದಿದ್ದೀರಿ. ಕುಡಿಯದೆ ಓಡಿಸೋನ ಬಗ್ಗೆ ನಾನು ಬರೀತೀನಿ.

ಒಂದೇ ದಿನದಲ್ಲಿ ಹೋಗಿ ಬರ್ತೀವಿ ಅಂದರೆ ನನ್ನನ್ನು ಕರೀಬೇಡಿ. ಲೆಕ್ಕ ನೀವೇ ಹಾಕಿ. ಬೆಳಿಗ್ಗೆ ಐದಕ್ಕೆ ಹೊರಡಬೇಕು ಅಂದರೆ ನಾನು ಮೂರೂವರೆಗೆ ಏಳಬೇಕು. ಅಕ್ಕಲಕೋಟೆ, ಸೊಲ್ಲಾಪುರ, ಪಂಢರಪುರ, ದರ್ಶನದ ಸಾಲು, ಆಮೇಲೆ ಅಕ್ಲೂಜ್. ನಿಮ್ಮ ಊಟ, ಫೋಟೋ, ಬಾಟ್ಲಿ ಖರೀದಿ ಎಲ್ಲ ಮುಗಿದು ಗಾಡಿ ಹತ್ತೋ ಹೊತ್ತಿಗೆ ಸಂಜೆ ಆರು. ನೀವು ಹಿಂದಿನ ಸೀಟಿನಲ್ಲಿ ಮಲಗ್ತೀರಿ. ನಾನು ಮಧ್ಯರಾತ್ರಿ ತನಕ ಓಡಿಸಬೇಕು. ನಿದ್ದೆಗಣ್ಣಿನ ಡ್ರೈವರ್‌ಗೂ ಕುಡಿದ ಡ್ರೈವರ್‌ಗೂ ಏನು ಫರಕ್ಕು? ನಿಮ್ಮ ಐದು ಗುಟುಕಿಗೆ ಹೆದರಿ ನನ್ನನ್ನು ಕರೆದಿರಿ, ಆಮೇಲೆ ನನಗೇ ನಿದ್ದೆ ಇಲ್ಲದ ಹಾಗೆ ಮಾಡಿದರೆ ಆ ದುಡ್ಡು ದಂಡ ಅಲ್ವಾ? 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಬರೋ ತನಕ ಇದ್ದ 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ ಅನ್ನುತ್ತಿತ್ತು. ಒಟ್ಟಿಗೆ ಐದು ಗಂಟೆ ಕೆಲಸ ಆಗೋದರೊಳಗೆ ಅರ್ಧ ಗಂಟೆಯಾದರೂ ಬಿಡುವು ಅನ್ನುತ್ತಿತ್ತು. ಅದು ಕಂಪನಿ ಬಸ್ಸು ಲಾರಿಗಳಿಗೆ ಬರೆದಿದ್ದು. ನನ್ನಂಥವನ ಲೆಕ್ಕ ಇಡೋರು ಯಾರೂ ಇಲ್ಲ. ಹಾಗಂತ ನನ್ನ ಕಣ್ಣು ಬೇರೆ ಏನಲ್ಲ.

ಆ ರಸ್ತೆ ಬಗ್ಗೆ ಒಂದು ಮಾತು. ದ್ರಾಕ್ಷಿ ಕೊಯ್ಲು, ಕಬ್ಬಿನ ಸೀಸನ್ನು ಎರಡೂ ಒಟ್ಟಿಗೆ ಬರುತ್ತೆ. ಸೊಲ್ಲಾಪುರ ಜಿಲ್ಲೆ ತುಂಬ ಸಕ್ಕರೆ ಕಾರ್ಖಾನೆ. ಟ್ರ್ಯಾಕ್ಟರ್‌ಗೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಹೋಗ್ತಾರೆ. ಹಿಂದೆ ಲೈಟ್ ಇರಲ್ಲ, ರಿಫ್ಲೆಕ್ಟರ್ ಇದ್ದರೂ ಧೂಳು ಮುಚ್ಚಿರುತ್ತೆ. ಕಬ್ಬು ಟ್ರಾಲಿಯಿಂದ ಎರಡೂ ಕಡೆ ಹೊರಗೆ ಚಾಚಿರುತ್ತೆ. ಎದುರಿನಿಂದ ಒಂದು ಗಾಡಿ ಹೈಬೀಮ್ ಹಾಕಿಕೊಂಡು ಬಂತು ಅಂದರೆ ಮುಂದಿರೋ ಟ್ರಾಲಿ ಕಾಣೋದೇ ಇಲ್ಲ. ಬೆಳಕು ಸರಿದ ಮೇಲೆ ನೋಡಿದರೆ ಬಾನೆಟ್ ಮುಂದೆಯೇ ಕಬ್ಬಿನ ತುದಿಗಳು. ಹಾಗಾಗಿ ಕತ್ತಲಾಗೋ ಮುಂಚೆ ನಾನು ಆ ರಸ್ತೆಯಿಂದ ಹೊರಗಿರಬೇಕು, ಇಲ್ಲಾ ರೂಮಿನಲ್ಲಿರಬೇಕು. ರಾತ್ರಿ ಉಳಿದು ಬೆಳಿಗ್ಗೆ ತಿಂಡಿ ತಿಂದು ಹೊರಟರೆ ನಿಮಗೂ ಸುಖ, ನನಗೂ ಸುಖ.

ಮಾತು ಮೊದಲೇ ಆಗಲಿ, ವಾಟ್ಸಾಪ್‌ನಲ್ಲಿ ಬರೆದು ಹಾಕಿ. ದಿನಕ್ಕೆ ಎಷ್ಟು, ಬತ್ತಾ ಎಷ್ಟು, ರಾತ್ರಿ ಉಳಿದರೆ ಎಷ್ಟು, ಊಟ ನಿಮ್ಮದಾ ನನ್ನದಾ. ಡೀಸೆಲ್, ಟೋಲ್, ಪಾರ್ಕಿಂಗ್ ನಿಮ್ಮದೇ. ಹಿಂದಿನ ದಿನ ಗಾಡಿ ಒಂದು ಸುತ್ತು ಓಡಿಸೋಕೆ ಕೊಡಿ. ಪ್ರತಿ ಗಾಡಿಯ ಬ್ರೇಕು, ಕ್ಲಚ್ಚು ಒಂದೊಂದು ಥರ. ಅದು ಹೆದ್ದಾರಿಯಲ್ಲಿ ಗೊತ್ತಾಗಬಾರದು. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಕಾಗದ ಎಲ್ಲಿದೆ ಅಂತ ತೋರಿಸಿ.

‘ಕಾಕಾ, ನೀವೂ ಒಂದು ಗುಟುಕು ತಗೊಳ್ಳಿ’ ಅಂತ ಪ್ರೀತಿಯಿಂದ ಕೊಡೋರಿದ್ದಾರೆ. ಕೊಡಬೇಡಿ. ಆ ಪ್ರೀತಿಯನ್ನು ಊಟದಲ್ಲಿ ತೋರಿಸಿ.

ಪುಂಡಿ_ಪಲ್ಯ (ಕಲಬುರಗಿ)

ಕಾಕಾ, ಸರಿಯಾಗಿ ಬರೆದಿರಿ.

ಹೆಂಗಸರ ಕಡೆಯಿಂದ ನಾನೂ ಸ್ವಲ್ಪ ಸೇರಿಸ್ತೀನಿ. ಕುಡಿದು ಮೂರು ಜನ ಹಿಂದೆ ನಿದ್ದೆ ಹೊಡೆಯುವಾಗ ಗಾಡಿಯಲ್ಲಿ ಎಚ್ಚರ ಇರೋದು ಡ್ರೈವರ್ ಒಬ್ಬನೇ. ಅದಕ್ಕೆ ಗುರುತಿದ್ದವರ ಮೂಲಕವೇ ಹಿಡಿಯಿರಿ. ಲೈಸೆನ್ಸ್ ಫೋಟೋ ಮನೆಯಲ್ಲಿ ಉಳಿದವರಿಗೆ ಕಳಿಸಿ. ಒಬ್ಬರ ಮೊಬೈಲಿನಿಂದ ಲೈವ್ ಲೊಕೇಶನ್ ಮನೆಗೆ ಹೋಗ್ತಾ ಇರಲಿ. ಮುಂದಿನ ಸೀಟಿನಲ್ಲಿ ಎಚ್ಚರ ಇರೋರು ಒಬ್ಬರು ಕೂರಬೇಕು. ನಿಮ್ಮ ಅವ್ವ ಇದ್ದಾರಲ್ಲ, ಅವರೇ ಸರಿ. ನಮ್ಮ ಅತ್ತೆಯೂ ಹಾಗೇ, ಮುಂದೆ ಕೂತರೆ ಊರಿನ ಎಲ್ಲ ಸುದ್ದಿ ಹೇಳಿ ಡ್ರೈವರ್‌ಗೆ ತೂಕಡಿಕೆ ಬರೋಕೆ ಬಿಡಲ್ಲ.

ನೀಲಿ_ಕೋಟೆ (ಬೀದರ್)

ಒಂದು ಪ್ರಶ್ನೆ. ಡ್ರೈವರ್‌ಗೆ ಬೇರೆ ರೂಮು ಮಾಡಬೇಕಾ? ಬತ್ತಾ ಕೊಡೋದೇ ಅದಕ್ಕಲ್ಲವಾ? ಎಲ್ಲ ಕಡೆ ಗಾಡಿಯಲ್ಲೇ ಮಲಗ್ತಾರಪ್ಪ.

ಸ್ಟೇರಿಂಗ್_ಕಾಕಾ (ಕಲಬುರಗಿ, ಆಳಂದ ಚೆಕ್‌ಪೋಸ್ಟ್)

ಮಲಗ್ತೀವಿ, ಬೇರೆ ದಾರಿ ಇಲ್ಲದಿದ್ದಾಗ. ಮಹಾರಾಷ್ಟ್ರದಲ್ಲೇ ಒಂದು ರೆಸಾರ್ಟಿನಲ್ಲಿ ಗೆಸ್ಟುಗಳಿಗೆ ಈಜುಕೊಳ, ಡ್ರೈವರ್‌ಗೆ ಬಾತ್‌ರೂಮಿನ ಬೀಗದ ಕೀಲಿಯೂ ಇಲ್ಲ. ಸೆಕ್ಯೂರಿಟಿಯವನಿಗೆ ಕೈ ಮುಗಿದು ಕೇಳಬೇಕಾಯಿತು. ಎರ್ಟಿಗಾದ ಸೀಟು ಎಷ್ಟು ಹಿಂದೆ ಮಾಡಿದರೂ ಸೊಂಟ ನೆಟ್ಟಗಾಗಲ್ಲ. ಸೊಳ್ಳೆ ಅಂತ ಗಾಜು ಏರಿಸಿದರೆ ಸೆಖೆ. ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿ ಮಲಗೋದು ಇನ್ನೂ ಕೆಟ್ಟದ್ದು. ಶೆಡ್ಡು, ಬೇಸ್‌ಮೆಂಟ್ ಥರದ ಜಾಗದಲ್ಲಿ ಹೊಗೆ ಒಳಗೆ ಸೇರಿದರೆ ಮಲಗಿದವನು ಏಳಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ನಿಮ್ಮ ರೆಸಾರ್ಟಿನಲ್ಲೇ ರೂಮು ಮಾಡಿ ಅನ್ನಲ್ಲ. ಅಕ್ಲೂಜ್ ಊರಲ್ಲಿ ಲಾಡ್ಜ್ ಸಿಗುತ್ತೆ. ಒಂದು ಕಾಟು, ಒಂದು ಫ್ಯಾನು ಸಾಕು.

ನೀಲಿ_ಕೋಟೆ (ಬೀದರ್)

ಸರಿ ಕಾಕಾ. ಬುಕ್ ಮಾಡುವಾಗಲೇ ಡ್ರೈವರ್ ರೂಮು ಇದೆಯಾ ಅಂತ ಕೇಳಿದರೆ ಆಯ್ತು. ಕೆಲವು ಕಡೆ ಡಾರ್ಮಿಟರಿ ಇರುತ್ತೆ, ನಾವೇ ಕೇಳಲ್ಲ.

ಶರಣರ_ಊರಿನವ (ಈಗ ಸ್ಯಾನ್ ಹೋಸೆ)

ಊರಿನ ಚರ್ಚೆ ನೋಡಿ ಖುಷಿ ಆಯ್ತು. ಇಲ್ಲಿ ಕ್ಯಾಲಿಫೋರ್ನಿಯಾದ ವೈನ್ ಸೀಮೆಗಳಾದ ನಾಪಾ, ಸೊನೋಮಾ ಎರಡೂ ನಮಗೆ ಹತ್ತಿರ. ಇಲ್ಲಿ ಈ ಕೆಲಸ ಒಂದು ದೊಡ್ಡ ದಂಧೆ. ನಿಮ್ಮ ಕಾರನ್ನೇ ಓಡಿಸೋಕೆ ಡ್ರೈವರ್ ಬರ್ತಾರೆ, ಗಂಟೆ ಲೆಕ್ಕ, ಕನಿಷ್ಠ ಇಷ್ಟು ಗಂಟೆ ಅಂತ ಮೊದಲೇ ಹೇಳ್ತಾರೆ. ಬಾಡಿಗೆ ಕಾರು ಆದರೆ ಆ ಡ್ರೈವರ್ ಹೆಸರು ಬಾಡಿಗೆ ಕರಾರಿನಲ್ಲಿ ಇರಬೇಕು, ಇಲ್ಲದಿದ್ದರೆ ಇನ್ಶೂರೆನ್ಸ್ ತಕರಾರು. ಪಾಲಿಸಿ ಮಾವ ಹೇಳಿದ್ದೇ ಇಲ್ಲೂ ನಡೆಯೋದು.

ಕ್ಯಾಲಿಫೋರ್ನಿಯಾದ ಗೆರೆ 0.08, ಅಂದರೆ ನಮ್ಮ ಲೆಕ್ಕದಲ್ಲಿ 80 ಮಿಲಿಗ್ರಾಂ. ಊರಿನ 30ಕ್ಕೆ ಹೋಲಿಸಿದರೆ ತುಂಬ ಸಡಿಲ. ಅಷ್ಟು ಸಡಿಲ ಇದ್ದರೂ ಜನ ಡ್ರೈವರ್ ಹಿಡೀತಾರೆ, ಯಾಕೆಂದರೆ ಒಂದೇ ದಿನ ಮೂರು ನಾಲ್ಕು ವೈನರಿ ಸುತ್ತೋದು ಇಲ್ಲಿನ ರೂಢಿ. ತೆರೆದ ಬಾಟ್ಲಿ ಕಾರಿನ ಸೀಟಿನ ಹತ್ತಿರ ಇಡೋ ಹಾಗಿಲ್ಲ, ಡಿಕ್ಕಿಯಲ್ಲೇ ಇಡಬೇಕು. ನಾಪಾ ಕೌಂಟಿಯಲ್ಲಿ 1990ರಲ್ಲಿ ಒಂದು ನಿಯಮ ಬಂತು. ಆಮೇಲೆ ಶುರುವಾದ ವೈನರಿಗಳಿಗೆ ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗೋ ಹಾಗಿಲ್ಲ. ಅದಕ್ಕೆ ಒಳ್ಳೆ ಡ್ರೈವರ್ ಅಂದರೆ ಎರಡು ಅಪಾಯಿಂಟ್‌ಮೆಂಟ್ ನಡುವೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬಾಯಿಪಾಠ ಇರೋನು. 29ನೇ ಹೈವೇ ಜಾಮ್ ಆದರೆ ಸಿಲ್ವರಾಡೋ ಟ್ರೇಲ್ ಅನ್ನೋ ಇನ್ನೊಂದು ರಸ್ತೆ ಮೇಲೆ ಹೊಡೀತಾನೆ.

ಹಳೆ_ಬಜಾರ್ (ಕಲಬುರಗಿ)

ಬಾಟ್ಲಿ ಮಾತು ಬಂದಿದ್ದಕ್ಕೆ ಹೇಳ್ತೀನಿ. ಡಬ್ಬಿಗಟ್ಟಲೆ ಕೊಂಡು ತರೋ ಯೋಚನೆ ಇದ್ದರೆ ಮೊದಲು ಇಲ್ಲಿನ ಅಬಕಾರಿ ಕಚೇರಿಯಲ್ಲಿ ಕೇಳಿ. ಬೇರೆ ರಾಜ್ಯದ ಮದ್ಯ ಒಳಗೆ ತರೋದಕ್ಕೆ ನಮ್ಮ ರಾಜ್ಯದ ನಿಯಮ ಬೇರೆ. ಗಡಿಯಲ್ಲಿ ಹಿಡಿದರೆ ಉತ್ತರ ಕೊಡಬೇಕಾದವನು ಸ್ಟೇರಿಂಗ್ ಹಿಡಿದವನು. ಅವನದ್ದಲ್ಲದ ತಪ್ಪಿಗೆ ಅವನನ್ನು ನಿಲ್ಲಿಸಬೇಡಿ.

ಅಲ್ಲದೆ ಸೆಖೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ವೈನ್ ಬೇಯುತ್ತೆ. ಕಾರ್ಕು ಮೇಲೆ ಬರುತ್ತೆ, ರುಚಿ ಹೋಗುತ್ತೆ. ವಾಪಸ್ ಹೊರಡೋ ಹೊತ್ತಿಗೆ ಕೊಳ್ಳಿ, ಎ.ಸಿ. ಇರೋ ಕಡೆ ಕಾಲ ಹತ್ತಿರ ಇಡಿ, ಸೀಲ್ ಒಡೀಬೇಡಿ. ನನ್ನ ಕೇಳಿದರೆ ಅಷ್ಟು ದೂರದಿಂದ ಹೊತ್ತು ತರೋದೇ ಸುಮ್ನೆ. ಅಲ್ಲಿ ಮಾತ್ರ ಸಿಗೋದನ್ನು ಅಲ್ಲೇ ಕುಡಿದು ಬನ್ನಿ.

ತೊಗರಿ_ಕಣಜ (ಕಲಬುರಗಿ)

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಮನೆಯಲ್ಲಿ ಎಲ್ಲ ಓದಿ ಹೇಳಿದೆ. ಎರಡು ದಿನದ ಟ್ರಿಪ್ ಅಂತ ಬದಲಾಯಿತು. ನಮ್ಮದೇ ಗಾಡಿ, ಸ್ಟೇರಿಂಗ್ ಕಾಕಾ ಬರೋಕೆ ಒಪ್ಪಿದ್ದಾರೆ, ಮೆಸೇಜ್‌ನಲ್ಲಿ ಎಲ್ಲ ಬರೆದು ಹಾಕಿದ್ದೀನಿ. ಮೊದಲ ದಿನ ಪಂಢರಪುರ ಮುಗಿಸಿ ಮಧ್ಯಾಹ್ನ ವೈನರಿ, ರಾತ್ರಿ ಅಲ್ಲೇ. ಅವರಿಗೆ ಊರಲ್ಲಿ ಲಾಡ್ಜ್. ತಮ್ಮ ಮಾತ್ರ ‘ಡ್ರೈವರ್ ಖರ್ಚಿನಲ್ಲಿ ಎರಡು ಬಾಟ್ಲಿ ಬರ್ತಿತ್ತು’ ಅಂತ ಗೊಣಗಿದ. ಅವನ ಹೆಂಡತಿ ‘ಹಾಗಾದರೆ ನೀನೇ ಓಡಿಸು, ನಾವು ಕುಡೀತೀವಿ’ ಅಂದಳು. ಸುಮ್ಮನಾದ.

ಕಾಕಾ, ತಾರೀಕು ಫೆಬ್ರವರಿಯ ಒಂದು ಶನಿವಾರ ಅಂದುಕೊಂಡಿದ್ದೀವಿ. ಅವ್ವ ಏಕಾದಶಿ ದಿನವೇ ದರ್ಶನ ಆಗಲಿ ಅಂತಿದ್ದಾರೆ. ಹತ್ತಿರದಲ್ಲೇ ಒಂದು ಬರುತ್ತಂತೆ.

ಸ್ಟೇರಿಂಗ್_ಕಾಕಾ (ಕಲಬುರಗಿ, ಆಳಂದ ಚೆಕ್‌ಪೋಸ್ಟ್)

ಪಂಚಾಂಗ ನೋಡಿಯೇ ತಾರೀಕು ಹಿಡಿಯಿರಿ. ಅದು ಮಾಘ ಏಕಾದಶಿ ಆಗಿದ್ದರೆ ಕಷ್ಟ. ಆಷಾಢ, ಕಾರ್ತಿಕ, ಮಾಘ, ಚೈತ್ರ ಇವು ನಾಲ್ಕು ಪಂಢರಪುರದ ದೊಡ್ಡ ವಾರಿಗಳು, ಅಂದರೆ ಭಕ್ತರ ಯಾತ್ರೆಗಳು. ಆ ದಿನ ದಿಂಡಿ ಹಿಡಿದು ನಡೆಯೋರೇ ರಸ್ತೆ ತುಂಬ, ಗಾಡಿ ಊರಿನ ಹೊರಗೇ ನಿಲ್ಲಿಸ್ತಾರೆ. ನಿಮ್ಮ ಅವ್ವ ಮೊಣಕಾಲು ನೋವಿನಲ್ಲಿ ಅಷ್ಟು ದೂರ ನಡೆಯೋಕಾಗುತ್ತಾ? ಸಾಲಿನಲ್ಲಿ ನಿಂತು ದರ್ಶನ ಆಗೋದು ಯಾವಾಗಲೋ. ವೈನರಿ ಬುಕಿಂಗ್ ಅಂತೂ ಹೋಯಿತು ಅಂತಲೇ ತಿಳಿಯಿರಿ.

ಪುಂಡಿ_ಪಲ್ಯ (ಕಲಬುರಗಿ)

ಹೌದು, ವಾರಿ ಸಮಯ ಬೇಡ. ಆಮೇಲೆ ವಾರದ ನಡುವೆ ಹೋದರೆ ಮುಖದರ್ಶನ ಬೇಗ ಆಗುತ್ತೆ. ವಯಸ್ಸಾದವರಿಗೆ ಅದೇ ಸಾಕು.

ತೊಗರಿ_ಕಣಜ (ಕಲಬುರಗಿ)

ಅವ್ವನನ್ನು ಕೇಳಿದೆ. ‘ವಿಠ್ಠಲ ಎಲ್ಲಿಗೂ ಓಡಿ ಹೋಗಲ್ಲ, ಜನ ಕಡಿಮೆ ಆದ ಮೇಲೆ ಹೋಗೋಣ’ ಅಂದರು. ಹಾಗಾದರೆ ಏಕಾದಶಿ ಕಳೆದು ಮುಂದಿನ ವಾರ, ಮಂಗಳವಾರ ಬುಧವಾರ. ನಾನು ಒಂದು ರಜೆ ಜಾಸ್ತಿ ಹಾಕಬೇಕು, ಅಷ್ಟೇ. ವೈನರಿಗೆ ಫೋನ್ ಮಾಡಿ ಆ ದಿನ ಟೂರ್ ಇದೆಯಾ ಅಂತ ಈಗಲೇ ಕೇಳ್ತೀನಿ. ಕಾಕಾ, ನೀವು ಆ ಎರಡು ದಿನ ಬೇರೆ ಬಾಡಿಗೆ ಒಪ್ಪಿಕೋಬೇಡಿ. ಅಡ್ವಾನ್ಸ್ ಇವತ್ತೇ ಹಾಕ್ತೀನಿ.